‘ತಪ್ಪು ಹಾಕಿದ್ರೆ ಮಾತ್ರ ಬರ್ತಾನೆ’: ಒಂದು ಆಪ್ತಸಲಹೆ ಪ್ರಕರಣ

ಫಾರ್ವರ್ಡ್ ಮೆಸೇಜುಗಳ ಜಗಳ ಹೊತ್ತು ಆಪ್ತಸಲಹೆಗೆ ಬರುವ ಕುಟುಂಬಗಳು ಈಗ ಅಪರೂಪವಲ್ಲ. ಬರುವವರು ಸಾಮಾನ್ಯವಾಗಿ ಮಕ್ಕಳು. ದೂರು ಹೆಚ್ಚುಕಡಿಮೆ ಒಂದೇ: ‘ಅಪ್ಪ ದಿನವಿಡೀ ಸುಳ್ಳು ಸುದ್ದಿ ಕಳಿಸ್ತಾರೆ, ಹೇಳಿದ್ರೆ ಸಿಟ್ಟು ಮಾಡ್ಕೋತಾರೆ.’ ಕೆಳಗಿನದು ಅಂಥದೊಂದು ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದೆ. ಬರೆಯಲು ತಂದೆ, ಮಗ ಇಬ್ಬರೂ ಒಪ್ಪಿದ್ದಾರೆ.

ತಂದೆಗೆ ಅರವತ್ತು ದಾಟಿದೆ. ನಿವೃತ್ತರು, ಒಬ್ಬರೇ ಇರುತ್ತಾರೆ. ಮಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ. ತಾಯಿ ತೀರಿಕೊಂಡು ಎರಡು ವರ್ಷ. ಆಕೆ ಇದ್ದಷ್ಟು ದಿನವೂ ಇವರಿಬ್ಬರು ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ಇವರ ಸುದ್ದಿ ಅವನಿಗೆ, ಅವನ ಸುದ್ದಿ ಇವರಿಗೆ ಮುಟ್ಟಿಸುತ್ತಿದ್ದುದು ಆಕೆಯೇ. ಬಹಳ ಮನೆಗಳು ಹೀಗೇ ನಡೆಯುತ್ತವೆ. ನಡುವಿನವರು ಹೋದ ಮೇಲಷ್ಟೇ ಅದು ಮನೆಯವರಿಗೆ ತಿಳಿಯುತ್ತದೆ. ಆಕೆ ಆಸ್ಪತ್ರೆಯಲ್ಲಿದ್ದಾಗ ಮಾಡಿದ ವಾಟ್ಸ್‌ಆ್ಯಪ್ ಗ್ರೂಪ್ ಹಾಗೇ ಉಳಿದುಕೊಂಡಿತು. ತಂದೆಯ ಇಬ್ಬರು ತಂಗಿಯರು, ಅವರ ಮಕ್ಕಳು, ಸೊಸೆಯಂದಿರು ಎಲ್ಲ ಅದರಲ್ಲಿದ್ದಾರೆ.

ಮಗನ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ರಕ್ತದೊತ್ತಡದ ಮಾತ್ರೆ ಮೂತ್ರಪಿಂಡ ಹಾಳು ಮಾಡುತ್ತದೆ ಎಂದು ತಂದೆ ಕಳಿಸಿದ ಒಂದು ಫಾರ್ವರ್ಡ್ ಓದಿ ಅವನ ಸೋದರತ್ತೆ ನಾಲ್ಕು ದಿನ ಮಾತ್ರೆ ಬಿಟ್ಟಿದ್ದರು. ಅಂದಿನಿಂದ ತಂದೆ ಏನೇ ಹಾಕಲಿ, ಮಗ ಅದು ನಿಜವೋ ಸುಳ್ಳೋ ಹುಡುಕುತ್ತಿದ್ದ. ಸುಳ್ಳಾಗಿದ್ದರೆ ಫ್ಯಾಕ್ಟ್ ಚೆಕ್ ಲಿಂಕನ್ನು ಅದೇ ಗ್ರೂಪಿಗೆ ಹಾಕುತ್ತಿದ್ದ. ತಂದೆ ಉತ್ತರ ಕೊಡುತ್ತಿರಲಿಲ್ಲ, ಮರುದಿನ ಇನ್ನಷ್ಟು ಕಳಿಸುತ್ತಿದ್ದರು. ಮಗನ ಕಣ್ಣಿಗೆ ಇದು ಹಟ. ಮಗ ಒಬ್ಬನೇ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: ಗ್ರೂಪ್ ಬಿಡಲೋ, ಅಪ್ಪನ ಫೋನನ್ನೇ ಬದಲಿಸಲೋ? ಎರಡಕ್ಕೂ ಉತ್ತರ ಕೊಡದೆ, ಮುಂದಿನ ಸಲ ತಂದೆಯನ್ನೂ ಕರೆತರಲು ಹೇಳಿದೆ.

ಇಬ್ಬರೂ ಬಂದ ದಿನ ಮಾತಿಗಿಂತ ಮೊದಲು ಒಂದು ಕೆಲಸ ಕೊಟ್ಟೆ. ಗ್ರೂಪಿನ ಹಿಂದಿನ ಏಳು ದಿನದ ಚಾಟ್ ತೆರೆದು, ಕಾಗದದಲ್ಲಿ ಮೂರು ಕಲಂ ಮಾಡಿ ಲೆಕ್ಕ ಹಾಕಬೇಕು. ಒಂದರಲ್ಲಿ ಬೇರೆಯವರು ಮಾಡಿದ್ದನ್ನು ಕಳಿಸಿದ್ದು, ಇನ್ನೊಂದರಲ್ಲಿ ಸ್ವಂತ ಬರೆದದ್ದು, ಮೂರನೆಯದರಲ್ಲಿ ಬಂದ ಉತ್ತರ. ಈ ಲೆಕ್ಕವನ್ನು ಜೋಡಿಯಾಗಿ ಮಾಡಿಸಬೇಕು, ಒಬ್ಬರು ಓದುವುದು, ಇನ್ನೊಬ್ಬರು ಬರೆಯುವುದು. ಒಬ್ಬೊಬ್ಬರೇ ಮಾಡಿದರೆ ಅದು ಆರೋಪಪಟ್ಟಿಯಾಗುತ್ತದೆ. ತಂದೆಯದು 57 ಫಾರ್ವರ್ಡ್, 2 ಸ್ವಂತದ್ದು. ಮಗನದು 6 ಉತ್ತರ, ಆರೂ ತಿದ್ದುಪಡಿ.

ಮಗ ಆ 57ರ ಮೇಲೆ ಬೆರಳಿಟ್ಟ. ತಂದೆ ಮಾತಾಡಲಿಲ್ಲ. ತಮ್ಮ ಫೋನ್ ತೆಗೆದು, ಬೆಳಿಗ್ಗೆ 6:05ಕ್ಕೆ ಹಾಕಿದ ಶುಭೋದಯದ ಚಿತ್ರವನ್ನು ಒತ್ತಿ ಹಿಡಿದು, ಮೇಲೆ ಬಂದ ‘ಮಾಹಿತಿ’ಯನ್ನು ಮುಟ್ಟಿ ನನ್ನ ಕಡೆ ತಿರುಗಿಸಿದರು. ಯಾರು ಯಾರು ಎಷ್ಟು ಹೊತ್ತಿಗೆ ಓದಿದರು ಎಂಬ ಪಟ್ಟಿ. ಮಗನ ಹೆಸರಿನ ಮುಂದೆ 7:40. ಖಾಸಗಿ ಚಾಟ್‌ನಲ್ಲಿ ನೀಲಿ ಟಿಕ್ (ಓದಿದ್ದನ್ನು ತೋರಿಸುವ ಗುರುತು) ಆಫ್ ಮಾಡಿಟ್ಟಿದ್ದ ಮಗನಿಗೆ, ಗ್ರೂಪಿನಲ್ಲಿ ಆ ಸೆಟ್ಟಿಂಗ್ ನಡೆಯುವುದಿಲ್ಲ ಎಂಬುದು ಗೊತ್ತಿರಲಿಲ್ಲ. ತಂದೆ ದಿನವೂ ಆ ಪಟ್ಟಿ ನೋಡುತ್ತಿದ್ದರು.

‘ಒಳ್ಳೇದು ಹಾಕಿದ್ರೆ ನೋಡ್ತಾನೆ, ಸುಮ್ನಿರ್ತಾನೆ. ತಪ್ಪು ಹಾಕಿದ್ರೆ ಮಾತ್ರ ಬರ್ತಾನೆ. ಎರಡೇ ನಿಮಿಷದಲ್ಲಿ.’

‘ಹಾಗಾದ್ರೆ ತಪ್ಪು ಅಂತ ಗೊತ್ತಿದ್ದೂ ಹಾಕಿದ್ದುಂಟಾ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ತಪ್ಪು ಅಂತ ಗೊತ್ತಿರ್ಲಿಲ್ಲ. ಇದಕ್ಕೆ ಬರ್ತಾನೆ ಅಂತ ಗೊತ್ತಿರ್ತಿತ್ತು.’

ಈ ಪ್ರಕರಣದ ಬೀಗದ ಕೈ ಇದೇ ಮಾತು. ಯಾವ ನಡವಳಿಕೆಗೆ ಪ್ರತಿಕ್ರಿಯೆ ಸಿಗುತ್ತದೋ ಅದು ಬೆಳೆಯುತ್ತದೆ. ಪ್ರತಿಕ್ರಿಯೆ ಬೈಗುಳವಾದರೂ ಸರಿ, ಮೌನಕ್ಕಿಂತ ಮೇಲು. ಮಕ್ಕಳ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ಅಪ್ಪಂದಿರಿಗೆ ಅನ್ವಯಿಸಲು ಯಾಕೋ ಹಿಂಜರಿಯುತ್ತೇವೆ. ಮಗ ಸುಳ್ಳನ್ನು ತಡೆಯುತ್ತಿದ್ದೇನೆಂದುಕೊಂಡಿದ್ದ. ಲೆಕ್ಕ ನೋಡಿದರೆ, ತಂದೆಗೆ ತನ್ನಿಂದ ಸಿಗುವ ಎಲ್ಲ ಮಾತನ್ನೂ ಸುಳ್ಳಿನ ಬಾಬ್ತಿಗೇ ಕೊಟ್ಟಿದ್ದ.

ಅದೇ ದಿನ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದೆ. ಮಗ ಬರೆದ ಒಂದು ಸಾಲು: ‘ಅಪ್ಪ, ಇದು ಸುಳ್ಳು. ಕಳಿಸೋ ಮುಂಚೆ ಒಂದ್ಸಲ ನೋಡಿ.’ ಮೊದಲು ತಂದೆಗೆ ಗಟ್ಟಿಯಾಗಿ ಓದಲು ಹೇಳಿದೆ. ಮೇಲಧಿಕಾರಿ ಗುಮಾಸ್ತನಿಗೆ ಹೇಳುವ ಧಾಟಿಯಲ್ಲಿ ಓದಿದರು, ‘ಒಂದ್ಸಲ’ದ ಮೇಲೆ ಒತ್ತು ಕೊಟ್ಟು. ಆಮೇಲೆ ಮಗ ಓದಿದ, ಮೆಲ್ಲಗೆ, ಹೆಚ್ಚುಕಡಿಮೆ ಬೇಡಿಕೊಳ್ಳುವ ಹಾಗೆ. ಬರೆದವನಿಗೆ ತನ್ನ ದನಿ ಒಳಗೇ ಕೇಳುತ್ತಿರುತ್ತದೆ, ಹಾಗಾಗಿ ಅದು ಓದುವವರಿಗೂ ಕೇಳಿಸುತ್ತದೆ ಎಂದು ನಂಬಿಬಿಡುತ್ತಾನೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲೀ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಮೇಲ್ ಬರೆದವರು ತಮ್ಮ ವ್ಯಂಗ್ಯ ಅಥವಾ ಗಾಂಭೀರ್ಯ ಓದುವವರಿಗೆ ಶೇ. 78ರಷ್ಟು ಸಲ ಸರಿಯಾಗಿ ತಿಳಿಯುತ್ತದೆ ಎಂದುಕೊಂಡಿದ್ದರು. ನಿಜವಾಗಿ ತಿಳಿದದ್ದು ಶೇ. 56, ನಾಣ್ಯ ಚಿಮ್ಮಿದರೂ ಅದರ ಹತ್ತಿರಕ್ಕೆ ಬರುತ್ತಿತ್ತು. (ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7, ಉಳಿದದ್ದು ದನಿ ಮತ್ತು ಮುಖಭಾವದ್ದು ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ಅದನ್ನು ನಂಬಬೇಡಿ. ಆ ಅಂಕಿಯ ಮೂಲ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್. ಅವರು 1967ರಲ್ಲಿ ಪರೀಕ್ಷಿಸಿದ್ದು ಬಿಡಿ ಪದಗಳಲ್ಲಿ ಇಷ್ಟಾನಿಷ್ಟ ಹೇಗೆ ತಿಳಿಯುತ್ತದೆ ಎಂಬುದನ್ನು. ಎಲ್ಲ ಸಂವಹನಕ್ಕೂ ಅದು ಸೂತ್ರವಲ್ಲ.)

ಮಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಅಂದ್ರೆ ಸುಳ್ಳನ್ನ ಸುಮ್ನೆ ಬಿಟ್ಟುಬಿಡಬೇಕಾ?’

ಬಿಡಬೇಕಿಲ್ಲ. ತಿದ್ದುವ ಜಾಗ ಮತ್ತು ತಿದ್ದುವ ಬಾಯಿ ಬದಲಾಗಬೇಕು. ಯಾಕೆಂದು ಹೇಳುವುದಕ್ಕೆ ಸೋದರತ್ತೆಯ ಮಾತ್ರೆಯ ವಿಷಯಕ್ಕೇ ಹೋಗಬೇಕು. ಆಕೆ ಮಾತ್ರೆ ಬಿಟ್ಟದ್ದು ಎಲ್ಲೋ ಓದಿದ್ದರಿಂದಲ್ಲ, ‘ಅಣ್ಣ ಕಳಿಸಿದ್ದು’ ಎಂಬ ಕಾರಣಕ್ಕೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಮಯದಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಒಹಾಯೊದ ಒಂದು ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿತ್ತು. ರೇಡಿಯೊ, ಪತ್ರಿಕೆಗಳು ನೇರವಾಗಿ ಜನರ ಮನಸ್ಸು ತಿರುಗಿಸುತ್ತವೆ ಎಂಬ ಅಂದಿನ ನಂಬಿಕೆಗೆ ಅಲ್ಲಿ ಪುಷ್ಟಿ ಸಿಗಲಿಲ್ಲ. ಮಾಧ್ಯಮದ ಮಾತು ಮೊದಲು ಕೆಲವರಿಗೆ ಮುಟ್ಟಿ, ಅವರ ಬಾಯಿಂದ ಉಳಿದವರಿಗೆ ಹೋಗುತ್ತಿತ್ತು. 1955ರಲ್ಲಿ ಎಲಿಹು ಕಾಟ್ಜ್ ಜೊತೆ ಅವರು ಇದನ್ನು ಇನ್ನೂ ಬೆಳೆಸಿದರು. ಸಮೂಹ ಮಾಧ್ಯಮದ ಮಾತಿಗೆ ಬಲ ಬರುವುದು ಪರಿಚಯದವರ ದನಿಯಲ್ಲಿ. ಫಾರ್ವರ್ಡ್ ಎನ್ನುವುದು ಈ ಎರಡೂ ಕೂಡಿದ್ದು: ಮಾತು ಯಾರದೋ, ಹೆಸರು ಅಣ್ಣನದು. ಅಣ್ಣನ ಹೆಸರಿನಲ್ಲಿ ನಂಬಿದ್ದನ್ನು ಸೋದರಳಿಯ ಕೊಟ್ಟ ಲಿಂಕ್ ಅಳಿಸಲಾರದು, ಅಣ್ಣನೇ ಅಳಿಸಬೇಕು. ಹದಿನಾಲ್ಕು ಜನರ ಮುಂದೆ, ಅದರಲ್ಲೂ ತಂಗಿಯರ ಮುಂದೆ, ಮಗನಿಂದ ಮುಖಭಂಗವಾದ ಅಣ್ಣ ಆ ಕೆಲಸ ಮಾಡುವುದಿಲ್ಲ.

ಮಗನಿಗೆ ಕೊಟ್ಟ ಸಲಹೆ ಹೀಗಿತ್ತು. ಗ್ರೂಪಿನಲ್ಲಿ ತಂದೆಯನ್ನು ತಿದ್ದುವುದು ಇವತ್ತಿನಿಂದ ಬಂದ್. ಬೆಳಗಿನ ಶುಭೋದಯಕ್ಕೆ ದಿನಕ್ಕೊಂದು ಉತ್ತರ, ಹೆಬ್ಬೆರಳಿನ ಇಮೋಜಿ ನಡೆಯುವುದಿಲ್ಲ, ನಾಲ್ಕು ಪದವಾದರೂ ಸ್ವಂತದ್ದಿರಬೇಕು ಅಥವಾ ಹತ್ತು ಸೆಕೆಂಡಿನ ವಾಯ್ಸ್ ಮೆಸೇಜ್. ವಾರಕ್ಕೆ ಎರಡು ಫೋನ್ ಕರೆ, ಯಾವ ದಿನ, ಯಾವ ಹೊತ್ತು ಎಂದು ಮೊದಲೇ ಗೊತ್ತುಮಾಡಿದ್ದು, ಹತ್ತು ನಿಮಿಷ ಸಾಕು. ದಾರಿಯಲ್ಲಿ ಗಾಡಿ ಓಡಿಸುತ್ತ ಮಾಡುವ ಕರೆ ಲೆಕ್ಕಕ್ಕಿಲ್ಲ, ಅದರಲ್ಲಿ ಅರ್ಧ ‘ಕೇಳಿಸ್ತಿಲ್ಲ’ ಎಂಬುದೇ ಆಗಿಹೋಗುತ್ತದೆ. ‘ಆರೋಗ್ಯ ಹೇಗಿದೆ’ ಎಂದು ಶುರುಮಾಡಬಾರದು. ‘ಚೆನ್ನಾಗಿದೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ತಂದೆ ಆ ವಾರ ಕಳಿಸಿದ ಒಂದನ್ನು ಹಿಡಿದು ಕೇಳಬೇಕು: ‘ಆ ಬ್ಯಾಂಕ್ ಮೋಸದ್ದು ಕಳಿಸಿದ್ರಲ್ಲ, ನಿಮಗೂ ಅಂಥ ಫೋನ್ ಬಂದಿತ್ತಾ?’ ಫಾರ್ವರ್ಡುಗಳ ಹಿಂದೆ ಬಹಳ ಸಲ ಬಾಯಿಬಿಟ್ಟು ಹೇಳಲಾಗದ ಒಂದು ದಿಗಿಲು ಇರುತ್ತದೆ. ಈ ಪ್ರಶ್ನೆಗೆ ತಂದೆ, ಹೌದು, ಎರಡು ಸಲ ಬಂದಿತ್ತು ಎಂದರಂತೆ. ಮಗನಿಗೆ ಅದು ಹೊಸ ಸುದ್ದಿ.

ಮೂರು ವಿಷಯಕ್ಕೆ ವಿನಾಯಿತಿ ಇಟ್ಟೆವು: ಔಷಧಿ, ದುಡ್ಡು, ಮತ್ತು ಯಾವುದೋ ವ್ಯಕ್ತಿ ಅಥವಾ ಗುಂಪಿನ ಮೇಲೆ ಜನ ಮುಗಿಬೀಳುವಂತೆ ಮಾಡುವ ಸುದ್ದಿ. ಇವು ಬಂದರೆ ವಾರದ ಕರೆಗೆ ಕಾಯುವಂತಿಲ್ಲ. ಕೂಡಲೇ ತಂದೆಗೆ ಫೋನ್ ಮಾಡಬೇಕು, ವಿಷಯ ಹೇಳಬೇಕು, ‘ಎಲ್ಲರಿಗೂ ಅಳಿಸಿ’ ಒತ್ತಿ ತೆಗೆಯಲು ಹೇಳಬೇಕು. ಎರಡು ದಿನ ದಾಟದಿದ್ದರೆ ಅದು ಆಗುತ್ತದೆ. ತೆಗೆದ ಮೇಲೆ ‘ಆ ಮಾತ್ರೆ ವಿಷಯ ಸರಿಯಿಲ್ಲ, ಯಾರೂ ನಿಲ್ಲಿಸಬೇಡಿ’ ಎಂದು ತಂದೆಯೇ ಬರೆಯಬೇಕು. ಬರೀ ಅಳಿಸಿ ಸುಮ್ಮನಾದರೆ, ಆಗಲೇ ಓದಿದವರ ತಲೆಯಲ್ಲಿ ಅದು ಉಳಿದಿರುತ್ತದೆ. ತಂದೆ ಫೋನ್ ಎತ್ತದಿದ್ದರೆ ಮಗನೇ ಗ್ರೂಪಿನಲ್ಲಿ ಬರೆಯಬಹುದು, ತಂದೆಯ ಹೆಸರೆತ್ತದೆ.

ತಂದೆಗೆ ಕೊಟ್ಟದ್ದು ಒಂದೇ ನಿಯಮ. ಕಳಿಸುವ ಪ್ರತಿ ಫಾರ್ವರ್ಡ್ ಜೊತೆ ‘ಇದನ್ನು ಯಾಕೆ ಕಳಿಸುತ್ತಿದ್ದೇನೆ’ ಎಂಬುದಕ್ಕೆ ಸ್ವಂತದ ಒಂದು ಸಾಲು. ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರಾಯಿತು. ಸಾಲು ಹೊಳೆಯದಿದ್ದರೆ ಕಳಿಸುವುದು ಬೇಡ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಬಹಳ ದಾಟಿ ಬಂದದ್ದು ಎಂದರ್ಥ. ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಿಂದ ಅಂಥವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ಅಂಥದ್ದನ್ನು ಸಂಜೆಯವರೆಗೆ ಇಟ್ಟುಕೊಂಡು, ಆಗಲೂ ಕಳಿಸಬೇಕೆನಿಸಿದರೆ ಕಳಿಸುವುದು.

ಟಿವಿ ಬಿಡಿ ಎಂದು ನಾನು ಹೇಳಲಿಲ್ಲ, ಮಗನಿಗೆ ಅದು ಹಿಡಿಸಲೂ ಇಲ್ಲ. ಸಂಜೆ ಏಳರಿಂದ ಹತ್ತರವರೆಗೆ ತಂದೆ ಸುದ್ದಿ ಚಾನೆಲ್ಲಿನ ಚರ್ಚೆ ನೋಡುತ್ತಾರೆ. ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದ ಹಾಗೆ, ಕ್ಯಾಮೆರಾ ನೋಡಿ ಮಾತಾಡುವ ನಿರೂಪಕ ನೋಡುಗನಿಗೆ ಬರಬರುತ್ತ ಒಡನಾಡಿಯಂತಾಗುತ್ತಾನೆ; ಸ್ನೇಹವಿರುವುದು ಒಂದೇ ಕಡೆಯಿಂದಾದರೂ ಅನುಭವ ಸುಳ್ಳಲ್ಲ. ಮನೆಯಲ್ಲಿ ಮಾತಾಡಿಸುವ ಇನ್ನೊಂದು ದನಿಯೇ ಇಲ್ಲದಿರುವಾಗ ಆ ದನಿಯನ್ನು ಮೊದಲು ನಿಲ್ಲಿಸುವುದು ಕ್ರೌರ್ಯ. ಹಾಗಾಗಿ ಎರಡು ಕರೆಗಳಲ್ಲಿ ಒಂದನ್ನು ರಾತ್ರಿ ಎಂಟಕ್ಕೆ ಇಟ್ಟೆವು. ಅಷ್ಟು ಹೊತ್ತು ಟಿವಿಯ ದನಿ ಅವರೇ ಕಡಿಮೆ ಮಾಡುತ್ತಾರೆ.

ಹೀಗೆ ಹೇಳಿದ್ದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪ ಬಂದಿದೆ: ಸುಳ್ಳು ಸುದ್ದಿಯ ವಿರುದ್ಧ ಮನೆಯಲ್ಲಿ ದನಿ ಎತ್ತುವ ಒಬ್ಬನನ್ನೂ ಬಾಯಿ ಮುಚ್ಚಿಸಿದಿರಿ ಎಂದು. ನನ್ನ ಉತ್ತರ ಆ ಕಾಗದದಲ್ಲೇ ಇದೆ. ಆರು ತಿದ್ದುಪಡಿಯಲ್ಲಿ ಒಂದಕ್ಕೂ ತಂದೆ ಕಿವಿಗೊಡಲಿಲ್ಲ. ಫಲ ಕೊಡದ ತಿದ್ದುಪಡಿಯಿಂದ ತಿದ್ದಿದವನಿಗೆ ಸಮಾಧಾನ ಸಿಗಬಹುದು, ಸುಳ್ಳು ಹರಡುವುದಂತೂ ಕಡಿಮೆಯಾಗುವುದಿಲ್ಲ. ಆ ಸಮಾಧಾನ ಬೇಕಾದವರು ಅದನ್ನು ಸತ್ಯದ ಸೇವೆ ಎಂದು ಕರೆಯದಿದ್ದರೆ ಸಾಕು.

ಈ ದಾರಿ ಹಿಡಿದವರಿಗೆ ಮೊದಲ ಎರಡು ವಾರ ಕಷ್ಟದ್ದು. ತಿದ್ದುವುದು ನಿಂತ ಕೂಡಲೇ ಫಾರ್ವರ್ಡುಗಳು ಇಳಿಯುವುದಿಲ್ಲ, ಏರುವುದೂ ಉಂಟು. ಸಿಗುತ್ತಿದ್ದ ಪ್ರತಿಕ್ರಿಯೆ ನಿಂತಾಗ ಕೆಲವರು ಮೊದಲು ಜೋರಾಗಿ ಬಾಗಿಲು ಬಡಿದು ನೋಡುತ್ತಾರೆ. ಇದನ್ನು ಮೊದಲೇ ಹೇಳಿಡದಿದ್ದರೆ ಮಕ್ಕಳು ‘ನಿಮ್ಮ ಸಲಹೆ ಕೆಲಸ ಮಾಡಲಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಎರಡನೆಯ ಎಡವಟ್ಟು, ಫೋನ್ ಕರೆ ವಿಚಾರಣೆಯಾಗುವುದು: ಒಂದೇ ಕರೆಯಲ್ಲಿ ವಾರದ ಐದು ಫಾರ್ವರ್ಡನ್ನೂ ಎತ್ತಿ ಆಡುವುದು. ಒಂದಕ್ಕಿಂತ ಹೆಚ್ಚು ಎತ್ತಬೇಡಿ. ಇನ್ನೊಂದು, ಕರೆ ತಪ್ಪುವುದು. ಕೆಲಸದ ನಡುವೆ ತಪ್ಪೇ ತಪ್ಪುತ್ತದೆ. ಆಗ ಹೊತ್ತು ಮೀರುವ ಮೊದಲೇ ‘ಇವತ್ತಾಗಲ್ಲ, ನಾಳೆ ಎಂಟಕ್ಕೆ’ ಎಂದು ತಿಳಿಸಿದರೆ ನಡೆಯುತ್ತದೆ. ‘ಆಮೇಲೆ ಮಾಡ್ತೀನಿ’ ಎಂದರೆ ನಡೆಯುವುದಿಲ್ಲ, ಅದನ್ನು ಕಾದು ಕೂತವರಿಗೆ ಆಮೇಲೆ ಎಂದರೆ ಯಾವಾಗ ಎಂದು ತಿಳಿಯದು.

ಈ ಮನೆಯಲ್ಲಿ ಫಾರ್ವರ್ಡ್ ನಿಂತಿಲ್ಲ. ದಿನಕ್ಕೆ ಎಂಟರಷ್ಟಿದ್ದದ್ದು ಈಗ ಎರಡೋ ಮೂರೋ. ತಂದೆಯ ಸ್ವಂತ ಸಾಲುಗಳು ಮೊದಮೊದಲು ‘ಎಲ್ಲರೂ ಓದಿ’ ಎಂದಷ್ಟೇ ಇದ್ದವು, ಈಗ ಅದಕ್ಕಿಂತ ಉದ್ದವಿವೆ. ರಾಜಕೀಯದ ವಿಷಯದಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿಯೇ. ಅದನ್ನು ಕರೆಯ ಮೊದಲ ಐದು ನಿಮಿಷದಲ್ಲಿ ಎತ್ತುವುದಿಲ್ಲ ಎಂದು ಒಪ್ಪಿಕೊಂಡಿದ್ದಾರೆ.

ಈ ಸಲಹೆ ಹೊಂದದ ಒಂದು ಸಂದರ್ಭವನ್ನು ಹೇಳಿಬಿಡಬೇಕು. ಮೊದಲು ಇಷ್ಟು ಕಳಿಸದಿದ್ದವರು ಕೆಲವೇ ತಿಂಗಳಲ್ಲಿ ಬದಲಾದರೆ, ಅಂದರೆ ರಾತ್ರಿ ಮೂರು ಗಂಟೆಗೆ ಮೆಸೇಜ್, ಒಂದೇ ಫಾರ್ವರ್ಡ್ ಮೂರು ನಾಲ್ಕು ಸಲ, ಕಳಿಸಿದ್ದೇ ನೆನಪಿಲ್ಲದಿರುವುದು, ಮನೆಯವರ ಮೇಲೆ ಇದ್ದಕ್ಕಿದ್ದಂತೆ ಅನುಮಾನ, ಗುರುತಿಲ್ಲದವರಿಗೆ ದುಡ್ಡು ಹಾಕುವುದು ಇಂಥವು ಕಂಡರೆ, ಮುನಿಸಿನ ಲೆಕ್ಕ ಬದಿಗಿಟ್ಟು ವೈದ್ಯರಿಗೆ ತೋರಿಸಿ. ಖಿನ್ನತೆಯೋ ಮರೆವಿನ ಕಾಯಿಲೆಯ ಆರಂಭವೋ ಇರಬಹುದು. ಹೋಗುವಾಗ ಒಂದು ವರ್ಷದ ಹಿಂದಿನ ಒಂದು ವಾರ ಮತ್ತು ಈಗಿನ ಒಂದು ವಾರ, ಎರಡರಲ್ಲೂ ಮೆಸೇಜುಗಳ ಸಂಖ್ಯೆ ಮತ್ತು ಹೊತ್ತನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ‘ಇತ್ತೀಚೆಗೆ ಬದಲಾಗಿದ್ದಾರೆ’ ಎನ್ನುವುದಕ್ಕಿಂತ ಆ ಕಾಗದದಿಂದ ವೈದ್ಯರಿಗೆ ಹೆಚ್ಚು ಅನುಕೂಲ.