4 ತಿಂಗಳ ಲ್ಯಾಬ್ರಡಾರ್ ಮರಿಯನ್ನು ಹಕ್ಕಿ ಬೇಟೆಗೆ ತಯಾರು ಮಾಡುವುದು ಹೇಗೆ?

ತೋಟದ ಕೋವಿ ಇದೆ, ಮರಿಗೆ 4 ತಿಂಗಳು, ಈಗಲೇ ಪಟಾಕಿ ಹೊಡೆದು ಭಯ ಬಿಡಿಸಬೇಕಾ, ಇಲ್ಲ ಟ್ರೈನರ್ ಹತ್ತಿರ ಬಿಡಬೇಕಾ ಅಂತ ಕೇಳಿದ್ದೀರಿ. "ಭಯ ಬಿಡಿಸುವುದು" ಅನ್ನುವ ಮಾತು ಓದಿದ ಕೂಡಲೇ ನಮ್ಮ ಕರಿಯನ ನೆನಪಾಯಿತು. ದಯವಿಟ್ಟು ಒಂದು ಪಟಾಕಿಯನ್ನೂ ಹೊಡೆಯಬೇಡಿ. ಮೊದಲು ಇದನ್ನು ಓದಿ.

ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಎದುರು ಗದ್ದೆ, ಗದ್ದೆ ದಾಟಿದರೆ ಹೊಳೆ. ಕರಿಯ ಕಪ್ಪು ಲ್ಯಾಬ್ರಡಾರ್, 2 ತಿಂಗಳ ಮರಿ ಇದ್ದಾಗ ತಂದದ್ದು. ಆಗ ನನ್ನ ಭಾವ ಇಂಗ್ಲೆಂಡಿನಲ್ಲಿದ್ದರು. ಅಲ್ಲಿ ಈ ನಾಯಿಗಳು ಕೆಲಸ ಮಾಡುವ ವಿಡಿಯೊ ಕಳಿಸುತ್ತಿದ್ದರು. ಕೋವಿ ಹಿಡಿದವನ ಪಕ್ಕದಲ್ಲಿ ನಾಯಿ ಕೂತಿರುತ್ತದೆ. ಗುಂಡಿನ ಶಬ್ದ ಬರುತ್ತದೆ, ಹಕ್ಕಿ ಬೀಳುತ್ತದೆ, ನಾಯಿ ಅಲ್ಲಾಡುವುದಿಲ್ಲ. ಹೇಳಿದ ಮೇಲೆಯೇ ಹೋಗಿ, ಮೆಲ್ಲ ಕಚ್ಚಿಕೊಂಡು ತಂದು ಕೈಗೆ ಕೊಡುತ್ತದೆ. ಅದನ್ನು ನೋಡಿ ನನಗೆ ಹುಚ್ಚೇ ಹಿಡಿಯಿತು.

ಗೋಣಿಯ ತುಂಡಿಗೆ ತೆಂಗಿನ ನಾರು ತುಂಬಿ, ಎರಡು ತುದಿ ಹೊಲಿದು ಒಂದು ಡಮ್ಮಿ ಮಾಡಿದೆ, ಅಂದರೆ ಹಕ್ಕಿಯ ಬದಲಿಗೆ ಎಸೆದು ತರಿಸುವ ವಸ್ತು. ಮನೆಗೂ ಕಾಂಪೌಂಡು ಗೋಡೆಗೂ ನಡುವೆ ಕಿರಿದಾದ ಓಣಿ ಇದೆ, ಅದರೊಳಗೆ ಎಸೆಯುತ್ತಿದ್ದೆ. ಎರಡೂ ಬದಿ ಗೋಡೆ, ಆಚೆ ತುದಿಯಲ್ಲಿ ಬಾಗಿಲು ಮುಚ್ಚಿದೆ, ಹಾಗಾಗಿ ಎತ್ತಿಕೊಂಡ ಮೇಲೆ ಅವನು ನನ್ನ ಹತ್ತಿರವೇ ಬರಬೇಕು. ಇದು ಒಳ್ಳೆಯ ಉಪಾಯ, ನೀವೂ ಮಾಡಿ. ದಿನಕ್ಕೆ 3 ಸಲ ಎಸೆತ, ಅಷ್ಟೇ. ಇನ್ನೂ ಬೇಕು ಅಂತ ಅವನು ಕುಣಿಯುವಾಗಲೇ ಡಮ್ಮಿ ಎತ್ತಿ ಒಳಗಿಡಬೇಕು. ಅವನ ಬಾಯಿ ಎಷ್ಟು ಮೆದು ಅಂದರೆ, ಒಂದು ಬೆಳಿಗ್ಗೆ ಪಕ್ಕದ ಮನೆಯ ಹೇಂಟೆಯನ್ನೇ ಕಚ್ಚಿಕೊಂಡು ಬಂದು ನನ್ನ ಕಾಲ ಬುಡದಲ್ಲಿ ನಿಂತ. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆನ್ನಿನ ಗರಿ ಜೊಲ್ಲಿನಿಂದ ಒದ್ದೆಯಾಗಿ ಅಂಟಿತ್ತು, ಒಂದು ಹನಿ ರಕ್ತ ಇಲ್ಲ. ಕೆಳಗೆ ಬಿಟ್ಟದ್ದೇ ಕೊಕ್ಕೊಕ್ಕೋ ಅಂತ ಓಡಿಹೋಯಿತು.

ಇಂಥ ನಾಯಿಯನ್ನು ನಾನು ಒಂದೇ ಸಂಜೆಯಲ್ಲಿ ಹಾಳು ಮಾಡಿದೆ.

ಅವನಿಗೆ 7 ತಿಂಗಳು, ದೀಪಾವಳಿ. ಶಬ್ದ ಅಭ್ಯಾಸ ಆಗಲಿ, ಮುಂದೆ ಕೋವಿಗೆ ಹೆದರುವುದಿಲ್ಲ ಅಂತ ಅಂಗಳದ ತೆಂಗಿನ ಮರಕ್ಕೆ ಚೈನು ಹಾಕಿ ಕಟ್ಟಿದೆ. ಹತ್ತು ಹೆಜ್ಜೆ ದೂರದಲ್ಲಿ ಮಕ್ಕಳು ಗರ್ನಾಲು ಹೊಡೆದರು. ಮೊದಲನೆಯದಕ್ಕೆ ನೆಲಕ್ಕೆ ಅಂಟಿ ಕೂತ. ಆಗಲೇ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ. ಎರಡನೆಯದಕ್ಕೆ ಡಮ್ಮಿ ಎಸೆದೆ, ಖುಷಿಯಲ್ಲಿ ಮರೆಯುತ್ತಾನೆ ಅಂದುಕೊಂಡು. ಅವನು ಚೈನು ಎಳೆದು ಎಳೆದು ಕುತ್ತಿಗೆ ಕೆಂಪಾಯಿತು. "ಬಿಡಿ ಅವನನ್ನು, ಒಳಗೆ ತನ್ನಿ" ಅಂತ ನನ್ನ ಹೆಂಡತಿ ಎರಡು ಸಲ ಕೂಗಿದಳು. ನಾನು ಇನ್ನೂ ನಾಲ್ಕೈದು ಹೊಡೆಸಿದೆ.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ "ಶಬ್ದ ಜಾಸ್ತಿ ಆಯಿತು" ಅಂತ ಮಾತ್ರ ತಿಳಿಯುತ್ತಾರೆ. ಶಬ್ದಕ್ಕಿಂತ ಚೈನು ದೊಡ್ಡ ತಪ್ಪು. ಬಿಟ್ಟಿದ್ದರೆ ಓಡಿ ಅಡುಗೆ ಕೋಣೆಗೆ ಸೇರುತ್ತಿದ್ದ, ಹೆದರಿಕೆ ಅಲ್ಲಿಗೆ ಮುಗಿಯುತ್ತಿತ್ತು. ಕಟ್ಟಿದ್ದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ಅವನ ತಲೆಯಲ್ಲಿ ಕೂತಿತು. ಅದಕ್ಕಿಂತ ದೊಡ್ಡದು ಆ ಡಮ್ಮಿ. ಶಬ್ದವೂ ಡಮ್ಮಿಯೂ ಒಟ್ಟಿಗೆ ಬಂದವು, ಅವನು ಎರಡನ್ನೂ ಗಂಟು ಹಾಕಿಕೊಂಡ. ಮರುದಿನ ಬೆಳಿಗ್ಗೆ ಓಣಿಯಲ್ಲಿ ಡಮ್ಮಿ ತೋರಿಸಿದರೆ ಬಾಲ ಕಾಲೊಳಗೆ ಸಿಕ್ಕಿಸಿಕೊಂಡು ಮಂಚದ ಅಡಿಗೆ ಹೋದ. 5 ತಿಂಗಳಿಂದ ಅವನಿಗೆ ಜೀವ ಆಗಿದ್ದ ವಸ್ತು ಅದು. ನಾನು ಹೊಸ ಗೋಣಿಯಲ್ಲಿ ಮಾಡಿದೆ, ಬಟ್ಟೆಯಲ್ಲಿ ಮಾಡಿದೆ, ಟೆನಿಸ್ ಚೆಂಡು ತಂದೆ. ನಾನು ಎಸೆಯಲು ಕೈ ಎತ್ತಿದರೆ ಸಾಕು, ನಡುಗುತ್ತಿದ್ದ.

ಆಮೇಲೆ ಗುಡುಗಿಗೂ ಹೆದರಿಕೆ ಶುರುವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಸಂಜೆ ಸಂಜೆ ಎಂಥ ಗುಡುಗು, ಗೊತ್ತಲ್ವಾ? ಒಂದು ಸಲ ಗೇಟು ಹಾರಿ ಹೋದವನು ಎರಡು ದಿನ ಸಿಗಲಿಲ್ಲ. ಹೊಳೆ ಬದಿಯ ಒಂದು ದೋಣಿಯ ಅಡಿಯಲ್ಲಿ ಸಿಕ್ಕಿದ, ಮೈಯೆಲ್ಲ ಉಣುಗು. ಹನ್ನೊಂದು ವರ್ಷ ಬದುಕಿದ. ನೀರಲ್ಲಿ ಈಜಿದ, ಮಕ್ಕಳ ಜೊತೆ ಆಡಿದ, ಆದರೆ ನಾನು ಎಸೆದ ವಸ್ತುವನ್ನು ಮತ್ತೆ ಒಂದು ದಿನವೂ ತರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಕ್ಕಿ ಬೇಟೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದು, ಓಡಿಸಿಕೊಂಡು ಹೋಗುವುದು, ಅದಕ್ಕೆ ಪ್ರಯತ್ನ ಪಡುವುದು ಎಲ್ಲವೂ ಬೇಟೆಯೇ. ಬೆಳೆ ಕಾಯಲು ಕೊಟ್ಟ ಕೋವಿ ಲೈಸೆನ್ಸ್ ಹಕ್ಕಿ ಹೊಡೆಯಲು ಪರವಾನಗಿ ಅಲ್ಲ. ನವಿಲನ್ನೋ ಗದ್ದೆಯ ಬೆಳ್ಳಕ್ಕಿಯನ್ನೋ ನಾಯಿ ಅಟ್ಟಿಸಿಕೊಂಡು ಹೋಗುವ ಅಭ್ಯಾಸವನ್ನೂ ಮೊದಲೇ ತಪ್ಪಿಸಿ. ಹಾಗಂತ ನಾಯಿಗೆ ಕೆಲಸ ಕಲಿಸಬಾರದು ಅಂತ ಅಲ್ಲ, ಖಂಡಿತ ಕಲಿಸಬೇಕು. ಲ್ಯಾಬ್ರಡಾರ್ ಮೂಲದಲ್ಲಿ ಮೀನುಗಾರರ ನಾಯಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಬಲೆ, ಹಗ್ಗ, ಗಾಳದಿಂದ ತಪ್ಪಿದ ಮೀನು ಎಳೆದು ತರುತ್ತಿದ್ದ ನಾಯಿಗಳ ಸಂತತಿ ಅದು. ಬ್ರಿಟನ್ನಿಗೆ ಹೋದ ಮೇಲೆ ಬೇಟೆಗೆ ಬಳಸಿದರು, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ತಳಿ ಅಂತ ಒಪ್ಪಿತು. ನಮ್ಮ ಮಲ್ಪೆ, ಪಡುಕೆರೆಯ ಮೀನುಗಾರ ಹುಡುಗರು ಇದನ್ನು ಕೇಳಿದರೆ ನಮ್ಮದೇ ನಾಯಿ ಅಂತಾರೆ. ತರುವುದು ಅದರ ರಕ್ತದಲ್ಲಿದೆ, ಸತ್ತ ಹಕ್ಕಿಯೇ ಆಗಬೇಕು ಅಂತ ಇಲ್ಲ, ಗೋಣಿಯ ಡಮ್ಮಿ ಧಾರಾಳ ಸಾಕು.

ಟ್ರೈನರ್ ಬೇಡ. ತಿಂಗಳುಗಟ್ಟಲೆ ಯಾರದೋ ಗೂಡಿನಲ್ಲಿ ಬಿಟ್ಟರೆ ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಕಾಣುವುದಿಲ್ಲ. ಮರಿ ನಿಮ್ಮ ಕೈಗೆ ತಂದು ಕೊಡಬೇಕು ಅಂದರೆ ನೀವೇ ಕಲಿಸಿ.

4 ತಿಂಗಳು ಅಂದರೆ ಹಲ್ಲು ಬದಲಾಗುವ ಕಾಲ. ಭಾರದ್ದು ಎಸೆಯಬೇಡಿ, ಬಾಯಲ್ಲಿರುವುದನ್ನು ಜಗ್ಗಾಡಬೇಡಿ, ಜಗ್ಗಿದರೆ ಗಟ್ಟಿ ಕಚ್ಚಲು ಕಲಿಯುತ್ತದೆ. ಚಪ್ಪಲಿ ಎತ್ತಿಕೊಂಡು ಬಂದರೆ ಬೈಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ತಂದದ್ದಕ್ಕೆ ಶಹಭಾಸ್ ಹೇಳಿ ತೆಗೆದುಕೊಳ್ಳಿ. ಕೂರುವುದು, ಕಾಯುವುದು ಈಗಲೇ ಶುರು ಮಾಡಬಹುದು. ಊಟದ ತಟ್ಟೆ ಇಟ್ಟು ಮನಸ್ಸಿನಲ್ಲಿ ಐದು ಎಣಿಸಿ ಆಮೇಲೆ ಬಿಡಿ.

ಶಬ್ದ ಬೇಕೇಬೇಕು ಅಂದರೆ ಹೀಗೆ. ಮರಿ ಊಟ ಮಾಡುವಾಗ ಗದ್ದೆಯ ಆಚೆ ತುದಿಯಲ್ಲಿ, ನೂರು ಹೆಜ್ಜೆಗಿಂತ ದೂರ, ಯಾರಾದರೂ ಎರಡು ಮರದ ತುಂಡು ಒಂದಕ್ಕೊಂದು ಬಡಿಯಲಿ. ತಲೆ ಎತ್ತಿ ನೋಡಿ ಮತ್ತೆ ತಿಂದರೆ ಸರಿ, ನಾಲ್ಕು ದಿನ ಬಿಟ್ಟು ಹತ್ತು ಹೆಜ್ಜೆ ಹತ್ತಿರ. ತಿನ್ನುವುದು ನಿಲ್ಲಿಸಿತೋ, ಮತ್ತೆ ಹಿಂದಕ್ಕೆ ಹೋಗಿ. ಕಟ್ಟಬಾರದು. ಡಮ್ಮಿ ಆ ಹೊತ್ತಿಗೆ ಕಣ್ಣಿಗೆ ಬೀಳಲೇಬಾರದು. ತಿಂಗಳುಗಳು ಹಿಡಿಯಬಹುದು, ಹಿಡಿಯಲಿ.

ನಮ್ಮ ಊರಿನ ಕೆಲವು ವಿಷಯ. ಸೆಕೆಗೆ ಲ್ಯಾಬ್ ಬೇಗ ಸುಸ್ತಾಗುತ್ತದೆ, ಬೆಳಿಗ್ಗೆ 7ರ ಒಳಗೆ ಆಟ ಮುಗಿಸಿ. ಗದ್ದೆ ನೀರಿಗೆ ಇಳಿಸುವ ಮೊದಲು ಇಲಿ ಜ್ವರದ ಲಸಿಕೆ ಆಗಿದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿ, ಉಣುಗಿಗೂ ಔಷಧಿ ಹಾಕಿಸಿ. ಮಳೆಗಾಲದಲ್ಲಿ ಕಡಲಿಗೆ ಇಳಿಸಲೇಬೇಡಿ.

ಈಗ ನಮ್ಮಲ್ಲಿರುವುದು ಬೆಳ್ಳಿ, ಹಳದಿ ಬಣ್ಣದ ಹೆಣ್ಣು ಲ್ಯಾಬ್. ದೀಪಾವಳಿಯ ಮೂರು ರಾತ್ರಿ ನಾನು ಅವಳ ಜೊತೆ ಒಳಕೋಣೆಯಲ್ಲಿ ಕೂರುತ್ತೇನೆ. ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಇಟ್ಟು, ಟಿವಿ ಹಾಕಿರುತ್ತೇನೆ. ನೀವೂ ಈ ವರ್ಷ ಹಾಗೆಯೇ ಮಾಡಿ. ಸಂಜೆ 6ಕ್ಕೆ ಮೊದಲು ಮರಿಯನ್ನು ಹೊರಗೆ ಕರೆದುಕೊಂಡು ಹೋಗಿ ಬನ್ನಿ, ಕತ್ತಲಾದ ಮೇಲೆ ಬಾಗಿಲು ತೆಗೆಯಬೇಡಿ.