ಐದು ಸಲವೂ ಪೂರ್ತಿ ಗ್ಯಾಸ್ ಬಂದರೆ ಕ್ಯಾಟಲಿಸ್ಟ್ ಚೆನ್ನಾಗಿದೆ ಅಂತಾನಾ?

ಕಲಬುರಗಿಯಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಫಾರ್ಮಿಕ್ ಆಸಿಡ್‌ನಿಂದ ಹೈಡ್ರೋಜನ್ ತೆಗೆಯುತ್ತಿದ್ದೀರಿ. ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಆಗಿ ಬಳಸಿದ ಪಲ್ಲಾಡಿಯಂ-ಕಾರ್ಬನ್, ಅಂದರೆ ಇದ್ದಿಲ ಪುಡಿಯ ಮೇಲೆ ಕೂರಿಸಿದ ಪಲ್ಲಾಡಿಯಂ ಲೋಹ, ಸೋಸಿ ತೊಳೆದು ಮತ್ತೆ ಹಾಕಿದಾಗ ಐದನೇ ಸಲವೂ ಪೂರ್ತಿ ಗ್ಯಾಸ್ ಕೊಟ್ಟಿದೆ, ಮರುಬಳಕೆಗೆ ಆಗುತ್ತೆ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ.

ಅಷ್ಟನ್ನೇ ನಂಬಿ ಬರೆಯಬೇಡಿ. 1 ಮಿಲಿ ಆಸಿಡ್ ಪೂರ್ತಿ ಒಡೆದರೆ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಎರಡೂ ಸೇರಿ ಸುಮಾರು 1.3 ಲೀಟರ್ ಬರುತ್ತದೆ. ಅರ್ಧ ಸತ್ತ ಕ್ಯಾಟಲಿಸ್ಟ್ ಕೂಡ ಟೈಮ್ ಕೊಟ್ಟರೆ ಅಷ್ಟನ್ನೂ ಕೊಡುತ್ತದೆ. ಪ್ರತಿ ಸಲವೂ ಮೊದಲ ಹತ್ತು ನಿಮಿಷದ ವೇಗ ಅಳೆಯಿರಿ. ನೀರಿನ ಮೇಲೆ ಗ್ಯಾಸ್ ಹಿಡಿಯುವುದಾದರೆ ರೂಮಿನ ಉಷ್ಣತೆಯನ್ನೂ ಬರೆದಿಡಿ. ನಮ್ಮ ಕಡೆ ಮೇ ತಿಂಗಳ 40 ಡಿಗ್ರಿಯಲ್ಲಿ ಬರುವ ಅಳತೆ, 25 ಡಿಗ್ರಿಯ ಅಳತೆಗಿಂತ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಜಾಸ್ತಿ ಇರುತ್ತದೆ. ಗ್ಯಾಸ್ ಹಿಗ್ಗುತ್ತದೆ, ನೀರಿನ ಆವಿಯೂ ಸೇರುತ್ತದೆ.

ವೇಗ ಇಳಿದರೆ ಕ್ಯಾಟಲಿಸ್ಟ್ ಹಾಳಾಯಿತು ಅಂತ ತಕ್ಷಣ ತೀರ್ಮಾನ ಮಾಡಬೇಡಿ. ವೇಗ ಹೆಚ್ಚಲಿ ಅಂತ ಸೋಡಿಯಂ ಫಾರ್ಮೇಟ್ (ಫಾರ್ಮಿಕ್ ಆಸಿಡ್‌ನ ಉಪ್ಪು) ಸೇರಿಸಿದ್ದರೆ ತೊಳೆಯುವಾಗ ಅದು ಹೋಗಿರುತ್ತದೆ. ಮತ್ತೆ ಅಷ್ಟೇ ಹಾಕಿ ನೋಡಿ. ಆಗಲೂ ನಿಧಾನವಾದರೆ ಕಾರ್ಬನ್ ಮೊನಾಕ್ಸೈಡ್ ಮೇಲೆ ಅನುಮಾನ ಪಡಿ. ಆಸಿಡ್ ಬೇರೆ ದಾರಿಯಲ್ಲಿ ಒಡೆದರೆ ಹುಟ್ಟುವುದು ಅದೇ, ಪಲ್ಲಾಡಿಯಂಗೆ ಅದು ವಿಷ.

ಇನ್ನೊಂದು ಕಾರಣ, ಪುಡಿಯೇ ಕಮ್ಮಿಯಾಗುವುದು. ನಾನು ಹುಮನಾಬಾದ್‌ನಲ್ಲಿ ಬಲ್ಕ್ ಡ್ರಗ್ (ಔಷಧದ ಮೂಲ ವಸ್ತು) ಫ್ಯಾಕ್ಟರಿಯಲ್ಲಿ ಇದೇ ಪುಡಿಯ ಜೊತೆ ಕೆಲಸ ಮಾಡುತ್ತೇನೆ. ಫಿಲ್ಟರ್ ಬಿಚ್ಚಿದಾಗ ಬಟ್ಟೆಯ ಹೊಲಿಗೆಯಲ್ಲೆಲ್ಲ ಕಪ್ಪು ಮಸಿ ಕೂತಿರುತ್ತದೆ. ಎಷ್ಟು ತೊಳೆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅದಕ್ಕೇ ಪ್ರತಿ ಬ್ಯಾಚಿಗೂ ಸ್ವಲ್ಪ ಹೊಸದು ಸೇರಿಸುತ್ತೇವೆ, ಕೊನೆಗೆ ಲೋಹ ವಾಪಸ್ ತೆಗೆಯುವವರಿಗೆ ಕಳಿಸುತ್ತೇವೆ. ನಿಮ್ಮ ಫಿಲ್ಟರ್ ಪೇಪರಿನಲ್ಲೂ ಇದೇ ಆಗುತ್ತಿರುತ್ತದೆ, ಅಲ್ವಾ? ಪುಡಿಯನ್ನು ಮಾತ್ರ ಪೂರ್ತಿ ಒಣಗಿಸಬೇಡಿ, ಗಾಳಿಗೆ ಹೊತ್ತಿಕೊಳ್ಳುತ್ತದೆ. ಒದ್ದೆಯಾಗಿಯೇ ಇಡಿ.

ದ್ರವದಿಂದ ಹೈಡ್ರೋಜನ್ ತೆಗೆಯಲು ಬೇರೆ ದಾರಿಯೂ ಇದೆ. 2020ರಲ್ಲಿ ಬ್ರುನೈನಿಂದ ಜಪಾನಿಗೆ ಮೀಥೈಲ್‌ಸೈಕ್ಲೋಹೆಕ್ಸೇನ್ ಅನ್ನುವ ದ್ರವದ ರೂಪದಲ್ಲಿ ಹೈಡ್ರೋಜನ್ ಸಾಗಿಸಿದರು. ಆ ದ್ರವದಿಂದ ಹೈಡ್ರೋಜನ್ ಬಿಡಿಸುವಾಗ ಪ್ಲಾಟಿನಂ ಕ್ಯಾಟಲಿಸ್ಟ್ ರಿಯಾಕ್ಟರಿನ ಒಳಗೇ ಕೂತಿರುತ್ತದೆ, ಫಿಲ್ಟರ್ ಮಾಡುವ ಗೋಜೇ ಇಲ್ಲ. ಆದರೆ 300 ಡಿಗ್ರಿ ದಾಟಿದ ಬಿಸಿ ಬೇಕು. ನಿಮ್ಮ ಫಾರ್ಮಿಕ್ ಆಸಿಡ್ 100 ಡಿಗ್ರಿಯೊಳಗೇ ಕೆಲಸ ಮುಗಿಸುತ್ತದೆ. ನನಗೆ ಅದು ಇಷ್ಟವಾಗುವುದೇ ಅದಕ್ಕೆ.

ರಿಪೋರ್ಟ್ ಬರೆಯುವ ಮೊದಲು ಇದೊಂದು ಮಾಡಿ. ಅರ್ಧ ಗ್ಯಾಸ್ ಬಂದಾಗ, ಬಿಸಿ ಇರುವಾಗಲೇ ಪುಡಿ ಸೋಸಿ ತೆಗೆಯಿರಿ. ಉಳಿದ ದ್ರವವನ್ನು ಅದೇ ಬಿಸಿಯಲ್ಲಿ ಇಡಿ. ಗ್ಯಾಸ್ ಬರುತ್ತಲೇ ಇದ್ದರೆ ಪಲ್ಲಾಡಿಯಂ ಕರಗಿ ದ್ರವಕ್ಕೆ ಸೇರಿದೆ ಅಂತ ಅರ್ಥ. ನಿಂತರೂ ಆ ದ್ರವವನ್ನು ಐಸಿಪಿ ಟೆಸ್ಟಿಗೆ (ದ್ರವದಲ್ಲಿನ ಲೋಹ ಅಳೆಯುವ ಪರೀಕ್ಷೆ) ಕಳಿಸಿ, ಎಷ್ಟು ಲೋಹ ಹೋಗಿದೆ ಅನ್ನುವ ಅಂಕಿ ಸಿಗುತ್ತದೆ.