ಹಾಸ್ಯದ ವಿಡಿಯೊ, ಮೀಮ್‌ಗಳೊಳಗೆ ಕಂಪನಿಗಳು ಜಾಹೀರಾತನ್ನು ಹೇಗೆ ಸೇರಿಸುತ್ತವೆ? ಇದು ಮೋಸವಲ್ಲವೇ?

ನಕ್ಕು ಸ್ನೇಹಿತರಿಗೆಲ್ಲ ಕಳುಹಿಸಿದ ವಿಡಿಯೊ ಜಾಹೀರಾತಾಗಿತ್ತು ಎಂದು ಆಮೇಲೆ ತಿಳಿದು ಬೇಸರವಾಯಿತು ಎಂದು ಬರೆದಿದ್ದೀರಿ. ನಾನು ಬೆಂಗಳೂರಿನ ಸಣ್ಣದೊಂದು ಜಾಹೀರಾತು ಸಂಸ್ಥೆಯಲ್ಲಿ ಕಂಪನಿಗಳ ಸಾಮಾಜಿಕ ಜಾಲತಾಣ ಖಾತೆಗಳಿಗೆ ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ಮೋಸ ಇರುವುದು ತಮಾಷೆಯಲ್ಲಲ್ಲ, ಅದಕ್ಕೆ ಹಣ ಕೊಟ್ಟವರು ಯಾರೆಂದು ಮುಚ್ಚಿಡುವುದರಲ್ಲಿ.

ನಗಿಸಿ ಮಾರುವ ಪದ್ಧತಿ ಹಳೆಯದು. ಅಮುಲ್ ಬೆಣ್ಣೆಯ ಚುಕ್ಕಿ ಫ್ರಾಕಿನ ಹುಡುಗಿ ಹುಟ್ಟಿದ್ದು 1966ರಲ್ಲಿ. ಸಿಲ್ವೆಸ್ಟರ್ ಡಕುನ್ಹಾ ಅವರ ಕಲ್ಪನೆಗೆ ಯೂಸ್ಟೇಸ್ ಫರ್ನಾಂಡಿಸ್ ರೂಪ ಕೊಟ್ಟರು. ಅಂದಿನಿಂದ ಚುನಾವಣೆ, ಕ್ರಿಕೆಟ್, ಸಿನಿಮಾ ಎಲ್ಲದರ ಬಗ್ಗೆಯೂ ಅವಳು ಚುಟುಕು ಮಾತಾಡುತ್ತಲೇ ಬಂದಿದ್ದಾಳೆ. ಅವಳನ್ನು ನೋಡಿ ನಕ್ಕವರಾರಿಗೂ ಮೋಸಹೋದೆ ಎನಿಸಿಲ್ಲ, ಏಕೆಂದರೆ ಫಲಕದ ಮೇಲೆಯೇ ಅಮುಲ್ ಹೆಸರು ಇರುತ್ತದೆ.

ಮೊಬೈಲಿಗೆ ಬಂದ ಮೇಲೆ ಬದಲಾದದ್ದು ಕಂಪನಿಯ ದನಿ. 2019ರ ಜುಲೈನಲ್ಲಿ ಜೊಮ್ಯಾಟೊ ಹಿಂದಿಯಲ್ಲಿ ಒಂದು ಸಾಲಿನ ಟ್ವೀಟ್ ಹಾಕಿತು: ಒಮ್ಮೊಮ್ಮೆ ಮನೆಯ ಊಟವನ್ನೂ ಮಾಡಬೇಕು. ಅಷ್ಟೇ. ರಿಯಾಯಿತಿ ಇಲ್ಲ, ಆರ್ಡರ್ ಮಾಡಿ ಎಂಬ ಮಾತಿಲ್ಲ. ಊಟ ತಲುಪಿಸಿ ಬದುಕುವ ಕಂಪನಿ ತನ್ನ ವ್ಯಾಪಾರಕ್ಕೇ ವಿರುದ್ಧವಾಗಿ, ಮನೆಯ ಹಿರಿಯರ ದನಿಯಲ್ಲಿ ಮಾತಾಡಿದ್ದರಿಂದಲೇ ಜನ ಅದನ್ನು ಹಂಚಿದರು. ಮಾರುವ ಉದ್ದೇಶ ಕಣ್ಣಿಗೆ ಬೀಳದಿದ್ದಾಗ ನಾವು ಎಚ್ಚರ ಸಡಿಲಿಸುತ್ತೇವೆ. ಹಣ ಕೊಟ್ಟು ತೋರಿಸಬೇಕಾದ ಹೆಸರನ್ನು ನಾವೇ ನಮ್ಮವರಿಗೆ ತಲುಪಿಸಿಬಿಡುತ್ತೇವೆ, ಅದೂ ನಮ್ಮ ಶಿಫಾರಸಿನೊಂದಿಗೆ. ಬೆನ್ನಲ್ಲೇ ಬೇರೆ ಕಂಪನಿಗಳು ಅದೇ ಅಚ್ಚಿನಲ್ಲಿ ಬರೆದವು. ರಾತ್ರಿ ಮೂರು ಗಂಟೆಗೆ ಒಮ್ಮೊಮ್ಮೆ ಫೋನ್ ಪಕ್ಕಕ್ಕಿಟ್ಟು ಮಲಗಬೇಕು ಎಂದಿತು ಯೂಟ್ಯೂಬ್ ಇಂಡಿಯಾ. ಕೊನೆಗೆ ಜೊಮ್ಯಾಟೊ, ಒಮ್ಮೊಮ್ಮೆ ಒಳ್ಳೆಯ ಟ್ವೀಟನ್ನು ಸ್ವಂತವಾಗಿಯೂ ಯೋಚಿಸಬೇಕು ಎಂದು ಉತ್ತರ ಕೊಟ್ಟಿತು. ಕಂಪನಿಗಳು ಪರಸ್ಪರ ಹರಟಿದವು, ನಾವು ಕುಳಿತು ಓದಿದೆವು.

ಹರಡುವ ತಮಾಷೆಯಲ್ಲಿ ಒಂದು ಖಾಲಿ ಜಾಗ ಇರಬೇಕು, ನೋಡಿದವರು ತಮ್ಮನ್ನು ಅಲ್ಲಿ ತುಂಬಿಕೊಳ್ಳುವಂತಿರಬೇಕು. ನಮ್ಮ ಕಚೇರಿಯಲ್ಲಿ ಇದನ್ನೇ ಟೆಂಪ್ಲೇಟ್ ಎನ್ನುತ್ತೇವೆ. 2021ರ ಏಪ್ರಿಲ್‌ನಲ್ಲಿ ಐಪಿಎಲ್ ಶುರುವಾಗುವ ಹೊತ್ತಿಗೆ ಬಂದ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್ ಕ್ರೆಡ್‌ನ ಜಾಹೀರಾತು ನಿಮಗೆ ನೆನಪಿರಬಹುದು. ತಾಳ್ಮೆಗೆ ಹೆಸರಾದ ರಾಹುಲ್ ದ್ರಾವಿಡ್ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಸಿಟ್ಟಿಗೆದ್ದು, ಪಕ್ಕದ ಕಾರಿನ ಕನ್ನಡಿಗೆ ಬ್ಯಾಟಿನಿಂದ ಹೊಡೆದು, ತಾನು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಅಬ್ಬರಿಸುತ್ತಾರೆ. ಆ ಒಂದು ಸಾಲು ಸಾಕಾಯಿತು. ದೀಪಿಕಾ ಪಡುಕೋಣೆ ತಮ್ಮ ಬಾಲ್ಯದ ಚಿತ್ರ ಹಾಕಿ ಇಂದಿರಾನಗರದ ಗೂಂಡಿ ನಾನು ಎಂದರು. ರಸ್ತೆಯಲ್ಲಿ ಸಿಟ್ಟಾದ ಗೂಂಡಾ ಇರುವುದರಿಂದ ಇಂದಿರಾನಗರದ ಆರ್ಡರ್‌ಗಳು ತಡವಾಗಬಹುದು ಎಂದು ಜೊಮ್ಯಾಟೊ ಸೇರಿಕೊಂಡಿತು. ಈ ಜಾಹೀರಾತಿನ ಬಗ್ಗೆ ನನಗೆ ಮೆಚ್ಚುಗೆಯೇ ಇದೆ. ಏನನ್ನೂ ಮರೆಮಾಚದೆ ನಗಿಸಿತು. (ಅದು ಕನ್ನಡದಲ್ಲಿ ಅಬ್ಬರಿಸಿದ್ದರೆ ಇನ್ನೂ ಹೆಚ್ಚು ಮೆಚ್ಚುತ್ತಿದ್ದೆ.)

ನೀವು ಹೇಳಿದ ವಿಡಿಯೊದ ಜಾತಿಯೇ ಬೇರೆ. ಅಲ್ಲಿ ಮಾತಾಡುವುದು ಕಂಪನಿಯಲ್ಲ, ನಾವು ದಿನಾ ನೋಡಿ ಹಚ್ಚಿಕೊಂಡ ಕಲಾವಿದರು. ಅತ್ತೆ ಸೊಸೆ, ಪಿಜಿ ಮಾಲೀಕ, ಮಂಡ್ಯದ ಮಾವ, ಆಟೊ ಚಾಲಕ ಹೀಗೆ ಪಾತ್ರಗಳನ್ನು ಕಟ್ಟಿ ಅವರು ನಮ್ಮ ನಂಬಿಕೆ ಗಳಿಸಿರುತ್ತಾರೆ. ಕಂಪನಿ ಕೊಳ್ಳುವುದು ಆ ನಂಬಿಕೆಯನ್ನು. ಜಗಳ ಏರುತ್ತಾ ಹೋಗುತ್ತದೆ, ನಗು ಉಕ್ಕುವ ಹಂತದಲ್ಲಿ ಅತ್ತೆಯ ಕೈಗೆ ಒಂದು ಆ್ಯಪ್ ಬರುತ್ತದೆ. ಅಲ್ಲಿಯವರೆಗೆ ಅರ್ಧರ್ಧ ವಾಕ್ಯ ಮಾತಾಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಪೂರ್ಣ ವಾಕ್ಯದಲ್ಲಿ ಅದರ ಗುಣಗಾನ ಮಾಡಿದರೆ, ಆ ವಾಕ್ಯವನ್ನು ಕಂಪನಿಯೇ ಬರೆದು ಕಳುಹಿಸಿದೆ ಎಂದು ತಿಳಿಯಿರಿ. ಮೀಮ್ ಪುಟಗಳಲ್ಲಿ ಗುರುತಿಸುವುದು ಇನ್ನೂ ಕಷ್ಟ. ಒಂದೇ ತಮಾಷೆಯನ್ನು ಹಲವು ಪುಟಗಳಿಗೆ ಹಣ ಕೊಟ್ಟು ಹಂಚಲಾಗುತ್ತದೆ. ಒಂದೇ ದಿನ ಬೇರೆ ಬೇರೆ ಪುಟಗಳಿಗೆ ಒಂದೇ ವಸ್ತು ನೆನಪಾದರೆ ಅದು ಕಾಕತಾಳೀಯವಲ್ಲ.

ಇದಕ್ಕೆ ನಿಯಮ ಇಲ್ಲವೆಂದಲ್ಲ. ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಮಾನದಂಡ ಮಂಡಳಿ ಎಎಸ್‌ಸಿಐ, 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ, ಅಂದರೆ ಜಾಲತಾಣದಲ್ಲಿ ಜನರ ನಂಬಿಕೆ ಗಳಿಸಿದ ಇಂಥವರಿಗೆ, ಮಾರ್ಗಸೂಚಿ ತಂದಿತು. ಹಣ ಮಾತ್ರವಲ್ಲ, ಉಚಿತ ವಸ್ತು ಅಥವಾ ಪ್ರವಾಸ ಪಡೆದಿದ್ದರೂ ಪೋಸ್ಟ್ ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡುವಂತಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇಂಥದ್ದೇ ಸೂಚನೆ ಹೊರಡಿಸಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಆದರೂ ನಮಗೆ ಕೆಲಸ ಕೊಡುವ ಕಂಪನಿಯೊಂದು ನಮ್ಮ ಬಳಿ, ಜಾಹೀರಾತು ಎಂಬ ಗುರುತನ್ನು 'ಇನ್ನಷ್ಟು' ಒತ್ತಿದರೆ ಮಾತ್ರ ಕಾಣುವ ಜಾಗಕ್ಕೆ ತಳ್ಳಿ ಎಂದು ಕೇಳಿದ್ದಿದೆ. ಗುರುತು ಮೇಲಿದ್ದರೆ ಯಾರೂ ನೋಡುವುದಿಲ್ಲ ಎಂಬುದು ಅವರ ಭಯ. ನಾನು ಇದನ್ನು ಒಪ್ಪುವುದಿಲ್ಲ. ಅಮುಲ್ ಹುಡುಗಿಯೂ ದ್ರಾವಿಡ್ ಅವರ ಸಿಟ್ಟೂ ಕಂಪನಿಯ ಹೆಸರು ಹೊತ್ತುಕೊಂಡೇ ಮನೆಮಾತಾದವು. ಗುರುತು ಕಂಡ ಕೂಡಲೇ ಸಾಯುವ ತಮಾಷೆ ಮೊದಲೇ ಸಪ್ಪೆಯಾಗಿರುತ್ತದೆ. ಕನ್ನಡದಲ್ಲಿ ನಗಿಸಿ, ಗುರುತನ್ನು ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕುವುದೂ ನನಗೆ ಸರಿ ಕಾಣುವುದಿಲ್ಲ. ನನ್ನ ತಾಯಿಯಂಥ ಎಷ್ಟೋ ಜನ ವಿಡಿಯೊ ಪೂರ್ತಿ ನೋಡುತ್ತಾರೆ, ಆ ಎರಡು ಪದ ಓದುವುದಿಲ್ಲ. ಬೆಣ್ಣೆ ಬಿಸ್ಕತ್ತಾದರೆ ನಷ್ಟ ಸಣ್ಣದು. ಸಾಲದ ಆ್ಯಪ್, ಹಣ ಕಟ್ಟಿ ಆಡುವ ಆಟ, ತೂಕ ಇಳಿಸುವ ಪುಡಿ ಹೀಗೆ ತಮಾಷೆಯೊಳಗೆ ಬಂದಾಗ ಮನೆ ಮುಳುಗುತ್ತದೆ.

ನೀವು ನೋಡಿದ ವಿಡಿಯೊದ ಮೇಲ್ಭಾಗದಲ್ಲಿ, ಖಾತೆಯ ಹೆಸರಿನ ಕೆಳಗೆ ಹಣ ಪಡೆದ ಪಾಲುದಾರಿಕೆ (ಪೇಯ್ಡ್ ಪಾರ್ಟ್‌ನರ್‌ಶಿಪ್) ಎಂಬ ಗುರುತು ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ, ವಿವರಣೆಯಲ್ಲಿ ಕಲಾವಿದರ ಹೆಸರಿನದೇ ರಿಯಾಯಿತಿ ಕೋಡ್ ಇದ್ದರೆ ಹಣದ ವ್ಯವಹಾರ ಇದೆ ಎಂದೇ ಅರ್ಥ. ಅದರ ಸ್ಕ್ರೀನ್‌ಶಾಟ್ ಮತ್ತು ಕೊಂಡಿಯನ್ನು ಉಳಿಸಿಕೊಂಡು ಎಎಸ್‌ಸಿಐ ಜಾಲತಾಣದಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ. ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.